ನೂರು ಫೀಲ್ಡಿನ ಒಂದು ಸಾಲು

ನನ್ನ ಕಣ್ಣಿನ ಬಗ್ಗೆ ನನಗೆ ಸಿಕ್ಕಾಪಟ್ಟೆ ಜಂಬವಿತ್ತು. ಹೊನ್ನಾವರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ವಯಸ್ಸಾದ ಡಾಕ್ಟರೊಬ್ಬರ ದವಾಖಾನೆ, ಅದಕ್ಕೆ ತಾಗಿಕೊಂಡು ಒಂದು ಪುಟ್ಟ ಲ್ಯಾಬು. ಅಲ್ಲಿ ನಾನೇ ಟೆಕ್ನಿಷಿಯನ್, ನಾನೇ ಗುಮಾಸ್ತೆ, ನಾನೇ ಕಸ ಗುಡಿಸುವವಳು. ಕುಮಟೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಿದ್ದೆ. ರಕ್ತವಾಗಲಿ ಕಫವಾಗಲಿ, ಮೈಕ್ರೋಸ್ಕೋಪಿನ ಕೆಳಗೆ ಬಂದ ಮೇಲೆ ಯಾವ ಕ್ರಿಮಿಯೂ ನನ್ನಿಂದ ತಪ್ಪಿಸಿಕೊಳ್ಳಲಾರದು ಎಂದು ನಂಬಿದ್ದೆ. ಮನೆಯಲ್ಲಿ ಅಕ್ಕಿಯ ಕಲ್ಲು ಮಾತ್ರ ನಿನ್ನ ಕಣ್ಣಿಗೆ ಬೀಳುವುದಿಲ್ಲ ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಿದ್ದರು. ಅದು ಬೇರೆ ಮಾತು.

ಆ ಓಣಿಗೆ ದಿನಾ ಹತ್ತು ಗಂಟೆಯ ಹೊತ್ತಿಗೆ ಮೀನು ಮಾರುವವಳೊಬ್ಬಳು ಬರುತ್ತಿದ್ದಳು. ಶರಾವತಿ ಸೇತುವೆಯಾಚೆಯ ಕೇರಿಯವಳು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಹಿರಿಯಳು. ನಮ್ಮದು ಮೀನು ತಿನ್ನದ ಮನೆ. ಅದು ಗೊತ್ತಿದ್ದೂ ಲ್ಯಾಬಿನ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, "ಅಕ್ಕೋರೆ, ಇವತ್ತು ಬಂಗಡೆ ಲಾಯ್ಕುಂಟು, ಮೂಸಿಯಾದ್ರೂ ನೋಡಿ" ಎಂದು ಕೆಣಕುತ್ತಿದ್ದಳು. "ನಂದೂ ಲಾಯ್ಕುಂಟು ಮಾರಾಯ್ತಿ, ಕಫದ ಡಬ್ಬಿ, ಮೂಸ್ತೀಯಾ?" ಎಂದು ನಾನೂ ಬಿಡುತ್ತಿರಲಿಲ್ಲ. ಅವಳು ನಕ್ಕರೆ ಓಣಿಯ ಆ ತುದಿಗೆ ಕೇಳುತ್ತಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ನಗೆಯ ಹಿಂದೆ ಕೆಮ್ಮು ಬರತೊಡಗಿತು. ನಕ್ಕು ಮುಗಿಸಿದ ಮೇಲೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಡಾಕ್ಟರರು ಎದೆಗೆ ಸ್ಟೆತಾಸ್ಕೋಪು ಇಟ್ಟು ನೋಡಿ, ಕಫ ಪರೀಕ್ಷೆಗೆ ಚೀಟಿ ಬರೆದುಕೊಟ್ಟರು. ಡಬ್ಬಿ ನನ್ನ ಕೈಗೆ ಕೊಡುವಾಗ ಅವಳು ದನಿ ತಗ್ಗಿಸಿದಳು.

"ಮಗಳು ಹೆರಿಗೆಗೆ ಬತ್ತದೆ ಅಕ್ಕೋರೆ, ಭಟ್ಕಳದಿಂದ. ಚೊಚ್ಚಲು. ಬಾಣಂತನ ನಾನೇ ಮಾಡ್ಬೇಕು. ಈ ಕೆಮ್ಮು ಟಿ.ಬಿ. ಆದ್ರೆ ಮಗೂನ ಎತ್ಕಂಬೂದು ಹ್ಯಾಂಗೆ? ಸಮಾ ನೋಡಿ."

ಸಮಾ, ಅಂದರೆ ಸರಿಯಾಗಿ, ನೋಡುವುದು ಎಂದರೆ ಏನೆಂದು ಹೇಳುತ್ತೇನೆ. ಕಫವನ್ನು ಗಾಜಿನ ಸ್ಲೈಡಿನ ಮೇಲೆ ಉಗುರಿನಷ್ಟಗಲ ಹಚ್ಚಿ ಒಣಗಿಸಿ, ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲದಲ್ಲಿ ತೊಳೆದು, ಮೇಲೆ ನೀಲಿ ಹಾಕಬೇಕು. ಟಿ.ಬಿ. ಕ್ರಿಮಿ ಒಮ್ಮೆ ಹಿಡಿದ ಕೆಂಪನ್ನು ಬಿಡುವುದಿಲ್ಲ. ಉಳಿದದ್ದೆಲ್ಲ ನೀಲಿಯಾಗುತ್ತದೆ. ನೀಲಿಯ ನಡುವೆ ಕೆಂಪು ಕಡ್ಡಿ ಕಂಡರೆ ಅದೇ. ಆದರೆ ಅಷ್ಟು ಸಣ್ಣದು ಕಾಣಬೇಕಾದರೆ ಸಾವಿರ ಪಟ್ಟು ದೊಡ್ಡದು ಮಾಡಬೇಕು, ಅಷ್ಟು ದೊಡ್ಡದು ಮಾಡಿದರೆ ಒಮ್ಮೆಗೆ ಕಾಣುವ ಜಾಗ ಸಾಸಿವೆ ಕಾಳಿಗಿಂತ ಸಣ್ಣದು. ಆ ದುಂಡನೆಯ ಜಾಗಕ್ಕೆ ನಾವು ಫೀಲ್ಡು ಎನ್ನುತ್ತೇವೆ. ಒಂದು ನೋಡಿ, ತಿರುಪು ತಿರುಗಿಸಿ ಪಕ್ಕದ್ದು ನೋಡಿ, ಹೀಗೆ ನೂರು ಫೀಲ್ಡು ನೋಡಿದ ಮೇಲೆಯೇ ಇಲ್ಲ ಎಂದು ಬರೆಯಬೇಕೆಂಬುದು ನಿಯಮ. ನಡುವೆ ಏಳುವವರುಂಟು, ಅರವತ್ತಕ್ಕೇ ನೂರೆಂದು ಬರೆಯುವವರುಂಟು. ನಾನು ಅಂಥವಳಲ್ಲ. ಅವಳ ಸ್ಲೈಡಿನಲ್ಲಿ ಎಡದಿಂದ ಬಲಕ್ಕೆ ನೂರೂ ನೋಡಿದೆ. ಕೆಂಪು ಎಲ್ಲಿಯೂ ಇರಲಿಲ್ಲ.

ವರದಿಯಲ್ಲಿ "ಕಂಡುಬಂದಿಲ್ಲ" ಎಂದು ಬರೆದೆ. ಬಾಯಲ್ಲಿ ಮಾತ್ರ, "ಎಂತದೂ ಇಲ್ಲ, ಮೊಮ್ಮಗೂನ ಹಾಯಾಗಿ ಎತ್ಕೊ" ಎಂದೆ. ನಿಯಮದಂತೆ ಅವಳು ಇನ್ನೂ ಎರಡು ಸಲ ಕಫ ಕೊಡಬೇಕಿತ್ತು. ಆದರೆ ಅಷ್ಟು ಗಟ್ಟಿಯಾಗಿ ಇಲ್ಲ ಎಂದವಳ ಬಳಿಗೆ ಯಾರು ಮತ್ತೆ ಡಬ್ಬಿ ಹಿಡಿದು ಬರುತ್ತಾರೆ? ಅವಳು ಬರಲಿಲ್ಲ, ನಾನೂ ಕರೆಯಲಿಲ್ಲ. ಒಂದು ತಿಂಗಳಿಗೆ ಬುಟ್ಟಿಯ ಜೊತೆ ಬೆಲ್ಲ ತಂದುಕೊಟ್ಟು, ಹೆಣ್ಣು ಮಗು ಎಂದು ಹೇಳಿ ಹೋದಳು. ಬಾಣಂತನಕ್ಕೆಂದು ವ್ಯಾಪಾರ ನಿಲ್ಲಿಸಿದಳು.

ಮತ್ತೆ ಅವಳು ಬಂದದ್ದು ಒಂದು ವರ್ಷದ ಮೇಲೆ. ಬುಟ್ಟಿ ಇರಲಿಲ್ಲ. ಅರ್ಧ ಆಳಾಗಿದ್ದಳು. ಮೆಟ್ಟಿಲ ಮೇಲೆ ಕೂರದೆ ಬಾಗಿಲಲ್ಲೇ ನಿಂತು ಹೇಳಿದಳು. ಕೆಮ್ಮು ಜೋರಾಗಿ ಸರಕಾರಿ ಆಸ್ಪತ್ರೆಗೆ ಹೋದರೆ ಟಿ.ಬಿ. ಎಂದರಂತೆ. ಅಷ್ಟು ಹೊತ್ತಿಗೆ ಮಗುವಿನ ಕುತ್ತಿಗೆಯಲ್ಲೂ ಗಡ್ಡೆ. ಇಬ್ಬರಿಗೂ ಮಾತ್ರೆ ನಡೆದು, ಈಗ ಇಬ್ಬರೂ ಗುಣವಾಗಿದ್ದಾರೆ, ಇನ್ನು ಹೆದರಬೇಕಿಲ್ಲ ಎಂದು ಅಲ್ಲಿಯ ಡಾಕ್ಟರರೇ ಹೇಳಿದ್ದಾರೆ. ಆದರೆ ಮಗಳು ಮಗುವನ್ನು ಎತ್ತಿಕೊಂಡು ಭಟ್ಕಳದ ಗಂಡನ ಮನೆಗೆ ಹೋದವಳು ತಾಯಿಯ ಕೈಗೆ ಮತ್ತೆ ಕೊಟ್ಟಿಲ್ಲ.

"ರೋಗ ಗೊತ್ತಿದ್ದೂ ಮಗು ಆಸೆಗೆ ಮುಚ್ಚಿಟ್ಟೆ ಅಂತದೆ ಮಗಳು. ಪರೀಕ್ಷೆ ಮಾಡ್ಸಿದ್ದೆ ಅಂದ್ರೆ ನಂಬೂದಿಲ್ಲ. ಆ ಕಾಗದ ಮಳೆಗೆ ಹಾಳಾತು. ಇನ್ನೊಂದು ಬರ್ಕೊಡಿ ಅಕ್ಕೋರೆ. ನಾನು ಮುಚ್ಚಿಡ್ಲಿಲ್ಲ ಅಂತ ಅದಕ್ಕೆ ತೋರ್ಸಬೇಕು."

ಇಷ್ಟೇ ಅವಳು ಕೇಳಿದ್ದು. ಬೈಯಲಿಲ್ಲ. ರಿಜಿಸ್ಟರು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ನಾನು ಏನು ಮಾಡಿದೆನೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಈ ಕಾಗದ ನಾಳೆ ಯಾರ ಕೈಗೆ ಹೋಗುತ್ತದೋ, ತಪ್ಪು ವರದಿ ಕೊಟ್ಟವಳು ಎಂದು ಊರೆಲ್ಲ ಹೇಳುತ್ತಾರೋ ಎಂದು ಹೆದರಿ, "ಹಳೇ ರಿಜಿಸ್ಟರು ಇಲ್ಲಿಲ್ಲ, ಡಾಕ್ಟರ ಮನೆಯಲ್ಲುಂಟು, ಹುಡುಕಬೇಕು" ಎಂದುಬಿಟ್ಟೆ. "ಆತು" ಎಂದು ಅವಳು ಹೋದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ನನಗೆ ಅವತ್ತು ಮಧ್ಯಾಹ್ನದ ಊಟವೇ ಇಳಿಯಲಿಲ್ಲ.

ಮನಸ್ಸಿಗೆ ಒಂದು ಸಮಾಧಾನ ಹುಡುಕಿಕೊಂಡೆ. ಆ ಸ್ಲೈಡಿನಲ್ಲಿ ನಿಜವಾಗಿ ಕ್ರಿಮಿ ಇರಲೇ ಇಲ್ಲ ಎಂದಾದರೆ ನನ್ನ ಮಾತು ಸುಳ್ಳಲ್ಲ, ತಲೆಯೆತ್ತಿ ಕಾಗದ ಬರೆದುಕೊಡಬಹುದು. ನಾನು ಸ್ಲೈಡುಗಳನ್ನು ಎಸೆಯುತ್ತಿರಲಿಲ್ಲ. ನಂಬರು ಹಾಕಿ ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಅದೂ ಜಂಬದ ಒಂದು ಭಾಗವೇ. ಅವಳದ್ದು ಸಿಕ್ಕಿತು. ಬಣ್ಣ ಸ್ವಲ್ಪ ಮಾಸಿತ್ತು, ನನ್ನ ಕಣ್ಣೊಂದನ್ನೇ ನಂಬಿ ಮತ್ತೆ ನೋಡಲು ಧೈರ್ಯವಾಗಲಿಲ್ಲ.

ಆ ದಿನಗಳಲ್ಲೇ ನಮ್ಮ ಯಜಮಾನರ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆವು. ಯಜಮಾನರು ಕುಮಟೆಯ ಕಾಲೇಜಿನಲ್ಲಿ ಗುಮಾಸ್ತರು, ಈ ಸ್ನೇಹಿತರು ಅಲ್ಲಿಯೇ ಫಿಸಿಕ್ಸ್ ಲೆಕ್ಚರರ್, ಗದಗಿನ ಕಡೆಯವರು. ಹೊಸದಾಗಿ ಡಿಜಿಟಲ್ ಕ್ಯಾಮೆರಾ ಕೊಂಡಿದ್ದರು. ಯಾಣದ ಬಂಡೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಯಾಣದ ಬಂಡೆಯ ಬುಡದಲ್ಲಿ ನಿಂತರೆ ಅದು ಯಾವ ಕ್ಯಾಮೆರಾದಲ್ಲೂ ಹಿಡಿಸುವುದಿಲ್ಲ, ಹಿಂದೆ ಸರಿದರೆ ಮರಗಳು ಮುಚ್ಚುತ್ತವೆ. ಇವರು ಬುಡದಲ್ಲೇ ನಿಂತು ಒಂಬತ್ತು ಚಿತ್ರ ತೆಗೆದು, ಕ್ಯಾಮೆರಾದ ಸಂಗಡ ಬಂದ ಸಿ.ಡಿ.ಯ ಪ್ರೋಗ್ರಾಮಿನಿಂದ ಒಂದಕ್ಕೊಂದು ಹೊಲಿದಿದ್ದರು. ಬಂಡೆ ಇಡಿಯಾಗಿ ನಿಂತಿತ್ತು, ಅದರ ಬಿರುಕೂ ಪಾಚಿಯೂ ಕಾಣುವಷ್ಟು ಹತ್ತಿರದಲ್ಲಿ. ಕೆಳಗೆ ಒಬ್ಬನೇ ಯಾತ್ರಿಕ ಎರಡು ಕಡೆ ನಿಂತಿದ್ದ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಪುಣ್ಯಾತ್ಮ ನಡೆದುಬಿಟ್ಟಿದ್ದನಂತೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ, "ಹೀಗೆ ಸ್ಲೈಡನ್ನು ಹೊಲಿಯಲಿಕ್ಕೆ ಬತ್ತದಾ?" ಎಂದು ಕೇಳಿದೆ. ಯಾಕೆಂದು ಅವರು ವಿಚಾರಿಸಿದಾಗ ಎಲ್ಲವನ್ನೂ ಹೇಳಿದೆ, ರಿಜಿಸ್ಟರಿನ ಸುಳ್ಳೊಂದನ್ನು ಬಿಟ್ಟು.

ಮುಂದಿನ ಭಾನುವಾರ ಅವರು ಹೊನ್ನಾವರಕ್ಕೆ ಬಂದರು. ಮೊದಲು ಕಾಗದ ಪೆನ್ಸಿಲು ತೆಗೆದುಕೊಂಡು ಒಂದು ಫೀಲ್ಡಿನ ಅಗಲ ಎಷ್ಟು, ಕಫ ಹಚ್ಚಿದ ಜಾಗ ಎಷ್ಟು ಎಂದು ಅಳೆದರು.

"ಮೇಡಂ, ನಿಮ್ಮ ನೂರು ಫೀಲ್ಡು ಅಂದ್ರ ಬರೇ ಒಂದ್ ಸಾಲ ನೋಡ್ರೀ. ಈ ತುದಿಯಿಂದ ಆ ತುದಿಗೆ ಒಂದ್ ಗೆರಿ. ಇಂಥಾವು ಮ್ಯಾಲ ಕೆಳಗ ಸೇರಿ ಐವತ್ತರ ಹತ್ರ ಅದಾವ."

ಹತ್ತು ವರ್ಷ ನೂರು ನೂರು ಎಂದು ಎಣಿಸಿದವಳು ನಾನು. ನೂರೆಂದರೆ ಇಡೀ ಸ್ಲೈಡು ಎಂದೇ ನನ್ನ ಮನಸ್ಸಿನಲ್ಲಿತ್ತು. ಗದ್ದೆಯ ಒಂದು ಬದುವಿನ ಮೇಲೆ ನಡೆದುಬಂದು ಗದ್ದೆಯಲ್ಲಿ ಹಾವಿಲ್ಲ ಎಂದಂತಾಯಿತು. ಸಿಟ್ಟು ಬಂತು, ಅವರ ಮೇಲೆ. "ಹಾಂಗಾರೆ ನಿಯಮ ಮಾಡಿದವರು ದಡ್ಡರಾ?" ಎಂದೆ. ಅವರು, "ಅಲ್ರೀ, ಸಾಮಾನ್ಯವಾಗಿ ಒಂದ್ ಸಾಲ್ನ್ಯಾಗ ಸಿಗ್ತಾವ. ಯಾವಾಗ್ಲೂ ಸಿಗ್ತಾವ ಅಂತೇನಿಲ್ಲ" ಎಂದರು. ಶಾಂತ ಮನುಷ್ಯ. ನನ್ನಂಥವಳ ಜೊತೆ ಕೆಲಸ ಮಾಡಲು ಅಂಥವರೇ ಬೇಕು.

ಮೊದಲು ನನ್ನ ಆ ಒಂದು ಸಾಲನ್ನು ಕಣ್ಣಿನಿಂದಲೇ ಮತ್ತೆ ನೋಡುವುದು, ಅನುಮಾನ ಬಂದ ಕಡೆ ಮಾತ್ರ ಚಿತ್ರ ತೆಗೆಯುವುದು ಎಂದು ಮಾತಾಯಿತು. ನಾನು ಯಾವತ್ತೂ ನಟ್ಟನಡುವಿನ ಸಾಲನ್ನೇ ಹಿಡಿಯುವವಳು, ಹಾಗಾಗಿ ಸಾಲು ಯಾವುದೆಂಬ ಗೊಂದಲವಿರಲಿಲ್ಲ. ನಾನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಒಂದೊಂದೇ ಫೀಲ್ಡು ಸರಿಸುತ್ತ ಹೇಳುವುದು, ಅವರು ಗ್ರಾಫ್ ಕಾಗದದ ಒಂದೊಂದು ಚೌಕದಲ್ಲಿ ಗುರುತು ಹಾಕುವುದು. ಕೆಲಸದಲ್ಲಿ ಮುಳುಗಿದರೆ ನನಗೆ ಹೊರಗಿನ ಕನ್ನಡ ಮರೆತುಹೋಗಿ ತವರಿನ ಮಾತು ಬಂದುಬಿಡುತ್ತದೆ. "ಇಲ್ಲೆ... ಇಲ್ಲೆ... ಇಲ್ಲೂ ಇಲ್ಲೆ..." ಎನ್ನುತ್ತ ಹೋದೆ. ಒಂದು ಗಂಟೆಯಾದ ಮೇಲೆ ತಲೆಯೆತ್ತಿದರೆ ಅವರ ಮುಖ ಬಿಳಿಚಿಕೊಂಡಿತ್ತು.

"ಅಲ್ರೀ ಮೇಡಂ, ಇಷ್ಟ್ ಕಡೆ ಅದಾವಲ್ರೀ! ಆವತ್ತು ನಿಮಗ ಒಂದೂ ಹೆಂಗ ಕಾಣಲಿಲ್ರೀ?"

ಗ್ರಾಫ್ ಕಾಗದ ತೋರಿಸಿದರು. ಚೌಕ ಚೌಕದಲ್ಲೂ ಕೆಂಪು ಗುರುತು. ಒಂದು ಕ್ಷಣ, ನಾನು ಕುರುಡಿ, ಹತ್ತು ವರ್ಷ ಕುರುಡಿಯಾಗಿಯೇ ಈ ಕುರ್ಚಿಯಲ್ಲಿ ಕೂತಿದ್ದೆ ಎಂದೇ ಅನ್ನಿಸಿತು. ಆಮೇಲೆ ಹೊಳೆಯಿತು. ನಮ್ಮ ಮನೆಮಾತಿನಲ್ಲಿ ಇಲ್ಲೆ ಎಂದರೆ ಇಲ್ಲ. ಗದಗಿನ ಕಿವಿಗೆ ಅದು "ಇಲ್ಲೇ, ಇದೇ ಜಾಗದಲ್ಲಿ" ಎಂದು ಕೇಳಿಸಿತ್ತು. ನಾನು ಇಲ್ಲ ಎಂದ ಕಡೆಯಲ್ಲೆಲ್ಲ ಅವರು ಇದೆ ಎಂದು ಗುರುತು ಹಾಕಿದ್ದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅವರು ಕಾಗದ ಹರಿದುಹಾಕಿ, "ಬಾಯಿಮಾತು ಬ್ಯಾಡ್ರೀ. ಎಲ್ಲಾ ಫೀಲ್ಡೂ ಚಿತ್ರ ತೆಗಿಯೂಣು. ಕ್ಯಾಮೆರಾಕ್ಕ ಭಾಷಾ ಇಲ್ಲ" ಎಂದರು.

ಹಾಗೆ ಐದು ಭಾನುವಾರ ಹೋಯಿತು. ಪಿ.ವಿ.ಸಿ. ಪೈಪಿನ ತುಂಡು ಕತ್ತರಿಸಿ ಕ್ಯಾಮೆರಾವನ್ನು ಕಣ್ಣಿಡುವ ಐಪೀಸಿಗೆ ಕೂರಿಸಿದರು. ಮೆಮೊರಿ ಕಾರ್ಡು ಸಣ್ಣದು, ತುಂಬಿದರೆ ಅವತ್ತಿಗೆ ಕೆಲಸ ಮುಗಿಯಿತು, ಕುಮಟೆಗೆ ಹೋಗಿ ಖಾಲಿ ಮಾಡಿಕೊಂಡು ಬರಬೇಕು. ಚಿತ್ರದ ನಡುವೆ ಬೆಳಕು ಚೆನ್ನಾಗಿರುತ್ತಿತ್ತು, ಅಂಚಿಗೆ ಬರಬರುತ್ತ ಮಬ್ಬು. ಅದಕ್ಕೆ ಪ್ರತಿ ಚಿತ್ರವೂ ಪಕ್ಕದ್ದರ ಮೇಲೆ ಅರ್ಧಕ್ಕರ್ಧ ಹತ್ತಿಕೊಂಡಿರಬೇಕು, ಒಂದರ ಅಂಚು ಇನ್ನೊಂದರ ನಡುವಿಗೆ ಬರಬೇಕು ಎಂದು ಅವರ ಹಟ. ಅಡ್ಡಕ್ಕೆ ಮಾತ್ರವಲ್ಲ, ಮೇಲೂ ಕೆಳಗೂ. ನನ್ನ ಸಾಲಿನ ಎರಡೂ ಅಂಚು ಹಿಡಿದು ಇನ್ನೆರಡು ಸಾಲು ತೆಗೆದೆವು. ಪ್ರೋಗ್ರಾಮು ಯಾಣದ ಬಂಡೆಯನ್ನು ಹೊಲಿದಷ್ಟು ಸುಲಭವಾಗಿ ಇದನ್ನು ಹೊಲಿಯಲಿಲ್ಲ. ಎಲ್ಲೆಲ್ಲೂ ಒಂದೇ ನೀಲಿಯಾದರೆ ಯಾವುದಕ್ಕೆ ಯಾವುದು ಜೋಡಿ ಎಂದು ಅದಕ್ಕೇನು ತಿಳಿಯುತ್ತದೆ? ಕಂಪ್ಯೂಟರು ಅರ್ಧದಲ್ಲೇ ನಿಂತುಬಿಡುತ್ತಿತ್ತು. ಕಡೆಗೆ ಮೈಕ್ರೋಸ್ಕೋಪಿನ ಅಳತೆಪಟ್ಟಿಯ ಅಂಕಿಗಳನ್ನು ನೋಡಿಕೊಂಡು ಲೆಕ್ಚರರು ಕೈಯಿಂದಲೇ ಒಂದೊಂದಾಗಿ ಜೋಡಿಸಿದರು.

ಆರನೆಯ ಭಾನುವಾರ ಅವರ ಮನೆಯಲ್ಲಿ ಪರದೆಯ ಮುಂದೆ ಕೂತೆವು. ಉದ್ದದ ನೀಲಿ ಪಟ್ಟಿ ಎಡಕ್ಕೆ ಸರಿಯುತ್ತಿತ್ತು. ಕ್ರಿಮಿ ಹೇಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಅದೇ ಒಳ್ಳೆಯದಾಯಿತು. ನಾನು ಕ್ರಿಮಿ ಕಾಣದಿರಲಿ ಎಂದು ನೋಡುತ್ತಿದ್ದೆ, ಅವರು ಸುಮ್ಮನೆ ನೋಡುತ್ತಿದ್ದರು. "ಇದೇನ್ರೀ, ಕೆಂಪು ಕಡ್ಡಿ ಇದ್ದಾಂಗ?" ಎಂದು ಬೆರಳಿಟ್ಟರು.

ಎರಡು ಕಡ್ಡಿ. ಒಂದಕ್ಕೊಂದು ತಾಗಿಕೊಂಡಿದ್ದವು. ಅನುಮಾನವೇ ಇಲ್ಲ. ಕೆಳಗಿನ ಸಾಲಿನ ಚಿತ್ರದಲ್ಲಿ ಅವು ಬೆಳಕಿನಲ್ಲಿ ಸ್ಪಷ್ಟವಾಗಿದ್ದವು. ನನ್ನ ಸಾಲಿನ ಚಿತ್ರ ತೆಗೆಸಿ ನೋಡಿದೆ. ಅಲ್ಲಿಯೂ ಇದ್ದವು, ಫೀಲ್ಡಿನ ಕಟ್ಟಕಡೆಯ ಅಂಚಿನಲ್ಲಿ, ಅರ್ಧ ಕತ್ತರಿಸಿಹೋಗಿ, ಬಣ್ಣದ ಕೊಳೆಯ ಹಾಗೆ. ಅವತ್ತು ಅದನ್ನು ನೋಡಿ ಕೊಳೆ ಎಂದು ಬಿಟ್ಟೆನೋ, ನೋಡಲೇ ಇಲ್ಲವೋ, ದೇವರಾಣೆಗೂ ನೆನಪಿಲ್ಲ. ಮೊದಲ ಭಾನುವಾರ ಎರಡನೆಯ ಸಲ ನೋಡಿದಾಗಲೂ ಕಂಡಿರಲಿಲ್ಲವಲ್ಲ. ಅಲ್ಲಿಯೇ ಅತ್ತುಬಿಟ್ಟೆ. ಲೆಕ್ಚರರ ಹೆಂಡತಿ ಒಳಗಿನಿಂದ ಬಂದು ಗಾಬರಿಯಾಗಿ ನಿಂತರು.

ಸೋಮವಾರ ಡಾಕ್ಟರರಿಗೆ ಹೇಳಿದೆ. ಅವರು ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿ ಕನ್ನಡಕ ಒರೆಸಿಕೊಂಡರು. "ನಿಯಮದ ಪ್ರಕಾರ ನಿನ್ನದು ತಪ್ಪಲ್ಲ. ಮತ್ತೆರಡು ಸಲ ಕಫ ತರಿಸಬೇಕಾಗಿದ್ದವನು ನಾನು" ಎಂದರು.

"ಅವಳಿಗೆ ಹೇಳ್ಲಾ?"

"ಅದು ನಿಯಮದಲ್ಲಿಲ್ಲ. ನಿನಗೆ ಬಿಟ್ಟದ್ದು."

ಸೇತುವೆ ದಾಟಿ ಅವಳ ಕೇರಿಗೆ ಹೋದೆ. ಅಂಗಳದಲ್ಲಿ ಒಣಮೀನು ಹರಡುತ್ತಿದ್ದಳು. ಅವಳ ಮುಖ ನೋಡಿ ಹೇಳಲಾಗಲಿಲ್ಲ, ಮೀನನ್ನೇ ನೋಡಿಕೊಂಡು ಹೇಳಿದೆ. ಕ್ರಿಮಿ ಇತ್ತು, ನನಗೆ ಕಾಣಲಿಲ್ಲ, ರಿಜಿಸ್ಟರು ನನ್ನ ಬಳಿಯಲ್ಲೇ ಇತ್ತು, ಹೆದರಿ ಸುಳ್ಳು ಹೇಳಿದೆ. ಬರೆದು ತಂದಿದ್ದ ಹಳೆಯ ವರದಿಯ ನಕಲನ್ನು ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ. ಮೀನು ಹರಡುವುದನ್ನು ಮುಗಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡಳು.

"ನಂಗೆ ಹೇಳಿ ಎಂತ ಆತು? ಪರೀಕ್ಷೆ ಮಾಡ್ಸಿದ್ದು ನಂಗೆ ಗೊತ್ತಿಲ್ವಾ? ಮಗಳಿಗೆ ಹೇಳಿ. ಕಾಗದ ಬೇಡ, ನೀವೇ ಬನ್ನಿ."

ಭಟ್ಕಳದ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಹೋದೆವು. ಅವಳ ಮಾತಿಲ್ಲದೆ ಅಷ್ಟು ಹೊತ್ತು ಅವಳ ಪಕ್ಕ ಕೂತದ್ದು ಅದೇ ಮೊದಲು. ನನಗೆ ಭಯವಾಗುತ್ತಿತ್ತು, ಮಗಳ ಭಯ.

ಮಗಳ ಮನೆ ಊರಿನಾಚೆ ಜಾಲಿ ಎಂಬ ಹಳ್ಳಿಯ ಕಡೆ, ಸಮುದ್ರಕ್ಕೆ ಹತ್ತಿರ. ತಾಯಿಯನ್ನು ಕಂಡು ಅವಳು ಒಳಗೆ ಕರೆಯಲಿಲ್ಲ, ಬಾಗಿಲಿಗೆ ಅಡ್ಡವಾಗಿ ನಿಂತಳು. ತಾಯಿ ಅಭ್ಯಾಸವಾದವಳ ಹಾಗೆ ಜಗುಲಿಯ ತುದಿಯಲ್ಲಿ ಕೂತಳು. ನಾನು ಯಾರೆಂದು ಹೇಳಿ, ಲೆಕ್ಚರರು ಅಚ್ಚು ಹಾಕಿ ಅಂಟಿಸಿಕೊಟ್ಟಿದ್ದ ಪಟ್ಟಿಯನ್ನು ಜಗುಲಿಯ ಮೇಲೆ ಬಿಡಿಸಿದೆ. ಗಾಳಿಗೆ ಹಾರುತ್ತಿತ್ತು, ಅದರ ಮೇಲೆ ನನ್ನ ಚೀಲ ಇಟ್ಟೆ. ಅಂಚಿನ ಎರಡು ಕಡ್ಡಿ ತೋರಿಸಿದೆ. ನನಗೆ ಕಾಣದೆ ಹೋದದ್ದು ಇದು ಎಂದೆ. ಕಾಗದ ಕೇಳಲು ಬಂದಾಗ ಸುಳ್ಳು ಹೇಳಿ ಕಳಿಸಿದ್ದನ್ನೂ ಹೇಳಿದೆ.

ಅವಳು ಪಟ್ಟಿಯನ್ನು ಸರಿಯಾಗಿ ನೋಡಲೂ ಇಲ್ಲ. "ಹಾಂಗಾರೆ ಅಮ್ಮ ಪರೀಕ್ಷೆ ಮಾಡ್ಸಿದ್ದು ಖರೆ?" ಎಂದಳು.

"ಖರೆ. ಮಗು ಹುಟ್ಟೂದಕ್ಕಿಂತ ಮುಂಚೆ."

"ಮಗೂನ ಎತ್ಕೊ ಅಂತ ಹೇಳಿದ್ದು?"

"ನಾನೇ."

ಅವಳ ಕಣ್ಣಲ್ಲಿ ಬಂದ ಸಿಟ್ಟನ್ನು ನಾನು ಮರೆತಿಲ್ಲ. "ನನ್ನ ಮಗು ಆರು ತಿಂಗಳು ಕಹಿ ಮಾತ್ರೆ ನುಂಗ್ತು" ಎಂದಳು. ಅಷ್ಟೇ. ನನಗೆ ಒಂದು ಲೋಟ ನೀರೂ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ನಾನು ಪಟ್ಟಿ ಸುತ್ತಿಕೊಳ್ಳತೊಡಗಿದೆ. ತಾಯಿ ತಲೆಯೆತ್ತಲಿಲ್ಲ. ಇನ್ನು ಏಳುವುದೇ ಎಂದುಕೊಳ್ಳುವಷ್ಟರಲ್ಲಿ ಮಗಳು ಒಳಗೆ ಹೋದಳು.

ಹೊರಗೆ ಬಂದಾಗ ಸೊಂಟದ ಮೇಲೆ ಮಗುವಿತ್ತು. ಗುಂಡುಗುಂಡಗೆ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. ಮಗಳು ಅದನ್ನು ತಂದು ತಾಯಿಯ ಮಡಿಲಿಗೆ ಹಾಕಿದಳು. ಹಾಕಿ, ಮುಖ ತಿರುಗಿಸಿ ಕಂಬ ಹಿಡಿದು ನಿಂತಳು. ಮಗು ಹೊಸ ಮುಖವನ್ನು ಒಮ್ಮೆ ನೋಡಿತು, ಬಿಸ್ಕತ್ತು ಬಿಸಾಡಿ ಬೊಬ್ಬೆ ಹೊಡೆದು ಅಳತೊಡಗಿತು. ಅಜ್ಜಿ ಯಾರೆಂದು ಅದಕ್ಕೆ ಮರೆತೇಹೋಗಿತ್ತು. ನಾನು ಗಡಿಬಿಡಿಯಾಗಿ, ಕೊಡು, ಹೆದರಿತು, ಆಮೇಲೆ ಎತ್ತಿಕೊಂಡರಾಯಿತು ಎಂದು ಕೈ ಚಾಚಿದೆ.

"ಅಳ್ಲಿ ಬಿಡಿ ಅಕ್ಕೋರೆ" ಎಂದಳು ಅವಳು. "ನಾ ಎತ್ಕಂಡಿದ್ದಕ್ಕೇ ಅಲ್ದಾ ಅಳೂದು."

ಮಗು ಅಳುತ್ತಲೇ ಇತ್ತು. ಅವಳು ಇಳಿಸಲಿಲ್ಲ.